"ನಿಮ್ಮ ಸೈಟಿಗೆ ಪಾರ್ಟಿ ರೆಡಿ ಇದೆ" ಅಂತ ಫೋನ್ ಬಂದರೆ ದಯವಿಟ್ಟು ಹುಷಾರು

ಖಾಲಿ ಸೈಟು ಇರುವವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನ ಹೆಸರಲ್ಲಿ ಇರುವವರು, ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನಮ್ಮಮ್ಮನ ಹೆಸರಲ್ಲಿ ಮೂವತ್ತು-ನಲವತ್ತು ಅಡಿಯ ಒಂದು ಸೈಟಿದೆ. ಮಾರುವ ಯೋಚನೆಯೇ ಇರಲಿಲ್ಲ. ಎಲ್ಲೂ ಜಾಹೀರಾತು ಕೊಟ್ಟಿಲ್ಲ, ಯಾರಿಗೂ ಹೇಳಿಲ್ಲ. ಒಂದು ದಿನ ಅಮ್ಮನಿಗೆ ಒಬ್ಬ ಬ್ರೋಕರ್‌ನಿಂದ ಫೋನ್ ಬಂತು. "ಅಮ್ಮಾ, ನಿಮ್ಮ ಸೈಟಿಗೆ ಪಾರ್ಟಿ ರೆಡಿ ಇದೆ. ಅದೇ ರೋಡಲ್ಲೇ ಬೇಕು ಅಂತ ಕೂತಿದ್ದಾರೆ. ಲೋನ್ ಗೀನ್ ಏನಿಲ್ಲ, ಒಂದೇ ಸಲಕ್ಕೆ ಸೆಟ್ಲ್‌ಮೆಂಟ್." ಸೈಟ್ ನಂಬರ್ ಹೇಳಿದ, ಅಳತೆ ಹೇಳಿದ, ತೀರಿಕೊಂಡ ನಮ್ಮಪ್ಪನ ಹೆಸರನ್ನೂ ಹೇಳಿದ. ಇಷ್ಟೆಲ್ಲ ಗೊತ್ತಿದ್ದರೆ ಯಾರೋ ಪರಿಚಯದವರೇ ಇರಬೇಕು ಅಂತ ಅಮ್ಮ ಅಂದುಕೊಂಡರು.

ಹೇಗೆ ಗೊತ್ತಿತ್ತು ಅನ್ನೋದು ಆಮೇಲೆ ತಿಳಿಯಿತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆದರೆ ಹೆಸರುಗಳು ಸಿಗುತ್ತವೆ. ಫೋನ್ ನಂಬರ್? ಮಳೆ ಬಿದ್ದರೆ ಸೈಟಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯುತ್ತೆ ಅಲ್ವಾ, ಅದನ್ನು ಕೀಳಿಸೋಕೆ ಅಲ್ಲಿಯ ಒಬ್ಬರಿಗೆ ಅಮ್ಮ ನಂಬರ್ ಕೊಟ್ಟಿದ್ದರು. "ನಾನು ಪಕ್ಕದ ಸೈಟಿನವನು" ಅಂತ ಸುಳ್ಳು ಹೇಳಿ ಅವರ ಹತ್ತಿರ ಇಸ್ಕೊಂಡಿದ್ದಾನೆ.

ಒಳ್ಳೇ ರೇಟ್ ಬಂದರೆ ನೋಡೋಣ ಅಂತ ಅಮ್ಮ ಅಂದಿದ್ದೇ ಸಾಕಾಯಿತು. ಮನೆಗೇ ಬಂದ. ಪಾರ್ಟಿಯ ಲಾಯರ್‌ಗೆ ತೋರಿಸಬೇಕು ಅಂತ ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಆಧಾರ್ ಎಲ್ಲದರ ಫೋಟೋ ತೆಗೆದುಕೊಂಡ. ಹೊರಡುವಾಗ ಬ್ಯಾಗಿಂದ ಒಂದು ಸ್ಟಾಂಪ್ ಪೇಪರ್ ತೆಗೆದ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. "ಸುಮ್ನೆ ಫಾರ್ಮಾಲಿಟಿ ಅಮ್ಮಾ, ಪಾರ್ಟಿಗೆ ನಂಬಿಕೆ ಬರಲಿ ಅಂತ ಅಷ್ಟೇ" ಅಂತ ಸೈನ್ ಹಾಕಿಸಿಕೊಂಡ.

ಆಮೇಲೆ ಪಾರ್ಟಿಯ ಸುಳಿವೇ ಇಲ್ಲ. ಕೇಳಿದರೆ "ಆಷಾಢ ಕಳೀಲಿ." ಆಷಾಢ ಕಳೀತು. "ಪಾರ್ಟಿ ದುಬೈಲಿದ್ದಾರೆ, ಹಬ್ಬಕ್ಕೆ ಬರ್ತಾರೆ." ಹಬ್ಬ ಬಂತು. "ಪಿತೃಪಕ್ಷದಲ್ಲಿ ಯಾರೂ ರಿಜಿಸ್ಟ್ರೇಷನ್ ಮಾಡಿಸಲ್ಲ ಮೇಡಂ."

ಒಂದು ರಾತ್ರಿ ನಮ್ಮ ಸೋದರಮಾವ ನನಗೆ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದರು. "ಇದು ನಿಮ್ಮ ಸೈಟಲ್ವೇನಮ್ಮಾ?" ಯಾವುದೋ ರಿಯಲ್ ಎಸ್ಟೇಟ್ ಗ್ರೂಪಿನಿಂದ ಅವರಿಗೆ ಬಂದಿತ್ತು. ನಮ್ಮದೇ ಸೈಟು. ಅಮ್ಮ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ರೇಟು. "ಅರ್ಜೆಂಟ್ ಸೇಲ್, ಡೈರೆಕ್ಟ್ ಓನರ್" ಅಂತ ಬೇರೆ. ಕೆಳಗೆ ಒಂದು ಪಿಡಿಎಫ್. ತೆರೆದು ನೋಡಿದರೆ ಅಮ್ಮನ ಕ್ರಯಪತ್ರ. ಅಮ್ಮನ ಫೋಟೋ, ಸಹಿ, ಎಡಗೈ ಹೆಬ್ಬೆಟ್ಟಿನ ಗುರುತು, ಕೊನೇ ಪುಟದಲ್ಲಿ ಆಧಾರ್. ನನಗೆ ಕೈಕಾಲೇ ಆಡಲಿಲ್ಲ. ಎಷ್ಟು ಜನರ ಫೋನಲ್ಲಿದೆಯೋ ಆ ಪಿಡಿಎಫ್!

ಭಯ ಯಾಕೆ ಅಂದರೆ, 2023ರಲ್ಲಿ ಬೆಂಗಳೂರಿನಲ್ಲಿ ಕ್ರಯಪತ್ರಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ, ಆಧಾರ್ ಮೂಲಕ ಜನರ ಖಾತೆಯಿಂದ ದುಡ್ಡು ತೆಗೆದ ಪ್ರಕರಣಗಳು ಪೊಲೀಸರವರೆಗೆ ಹೋಗಿದ್ದವು. ಅಮ್ಮನ ಪಿಂಚಣಿ ಬರೋದು ಆಧಾರ್ ಜೋಡಿಸಿದ ಅದೇ ಖಾತೆಗೆ.

ಆ ಬ್ರೋಕರ್‌ಗೆ ಫೋನ್ ಮಾಡಿದೆ. "ಮೇಡಂ, ಮಾರ್ಕೆಟಿಂಗ್ ಅಂದ್ರೆ ಹೀಗೇ. ಹತ್ತು ಜನಕ್ಕೆ ಕಳಿಸಿದ್ರೆ ತಾನೆ ಒಬ್ಬ ಬರೋದು?" ಹಾಗಾದರೆ ರೆಡಿ ಇದ್ದ ಪಾರ್ಟಿ? "ಇದ್ರು ಮೇಡಂ, ಬೇರೆ ಕಡೆ ತಗೊಂಡ್ರು." ಬೇಡ, ನಾವು ಮಾರಲ್ಲ ಅಂದೆ. ಆಗ ಧ್ವನಿಯೇ ಬದಲಾಯಿತು. "ಅಗ್ರಿಮೆಂಟ್ ಓದಿ. ಹನ್ನೊಂದು ತಿಂಗಳು ನಮಗೇ ರೈಟ್ಸ್. ಯಾರಿಗೆ ಮಾರಿದ್ರೂ ನಮಗೆ ಎರಡು ಪರ್ಸೆಂಟ್. ಬಿಡಿಸ್ಕೋಬೇಕಾ, ನಮ್ಮ ಖರ್ಚು ಕೊಡಿ." ಯಾವ ಖರ್ಚು ಸ್ವಾಮೀ? ಅವನು ಮಾಡಿದ ಖರ್ಚು ಸೈಟಲ್ಲಿ ನೆಟ್ಟ ಒಂದು ಬೋರ್ಡು. ಎರಡು ಸರ್ವೆ ಕಂಬಕ್ಕೆ ಮೊಳೆ ಹೊಡೆದ ತಗಡು. "ಮಾರಾಟಕ್ಕಿದೆ, ಮಾಲೀಕರನ್ನು ಸಂಪರ್ಕಿಸಿ." ಕೆಳಗೆ ಅವನ ನಂಬರ್!

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆ ಅಂತ ಕಾರ್ಡ್ ಬೇರೆ ತೋರಿಸಿದ್ದ. 2016ರ ರೇರಾ ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕಾಗಿರೋದು ರೇರಾದಲ್ಲಿರುವ ಪ್ರಾಜೆಕ್ಟುಗಳ ಸೈಟು, ಫ್ಲಾಟು ಮಾರೋಕೆ. ನಮ್ಮಂಥವರ ಹಳೇ ಸೈಟಿಗೂ ಅದಕ್ಕೂ ಸಂಬಂಧ ಇಲ್ಲ. ಆ ಕಾರ್ಡ್ ನೋಡಿ ಮರುಳಾಗಬೇಡಿ.

ಪಾರ್ಟಿ ರೆಡಿ ಇದೆ ಅಂದರೆ ಮೊದಲು ಪಾರ್ಟಿಯನ್ನು ಕರೆದುಕೊಂಡು ಬಾ ಅನ್ನಿ. ನಿಜವಾಗಿ ಇದ್ದರೆ ಬರ್ತಾರೆ. ಇಂಥ ಬ್ರೋಕರ್‌ಗಳಿಗೆ ಬೇಕಾಗಿರೋದು ನಿಮ್ಮ ಸಹಿ. ಸಹಿ ಕೈಗೆ ಸಿಕ್ಕಮೇಲೇ ಪಾರ್ಟಿ ಹುಡುಕೋಕೆ ಶುರು ಮಾಡೋದು. ಕಾಗದ ಕೊಡಲೇಬೇಕಾದರೆ ಹೆಬ್ಬೆಟ್ಟು, ಸಹಿ, ಆಧಾರ್ ನಂಬರ್ ಮುಚ್ಚಿ ಜೆರಾಕ್ಸ್ ಕೊಡಿ. ಮನೆಯ ಹಿರಿಯರ ಆಧಾರ್ ಬಯೋಮೆಟ್ರಿಕ್ (ಬೆರಳಚ್ಚು ಇತ್ಯಾದಿ) ಇವತ್ತೇ ಲಾಕ್ ಮಾಡಿ, ಆಧಾರ್‌ನ ಅಧಿಕೃತ ಆಪ್‌ನಲ್ಲೇ ಆಗುತ್ತೆ. ಇಂಥ ಕರೆ ಬಂದರೆ, ಬೇಡದ ವ್ಯಾಪಾರದ ಕರೆಗಳ ಬಗ್ಗೆ ದೂರು ಕೊಡುವ ನಂಬರ್ 1909ಕ್ಕೆ ದೂರು ಕೊಡಿ.

ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿದ್ದೇವೆ. ಬೋರ್ಡ್ ಕೀಳಿಸಿದ್ದೇವೆ. ಅಗ್ರಿಮೆಂಟ್ ರದ್ದು ಅಂತ ವಕೀಲರ ಕೈಲಿ ನೋಟಿಸ್ ಕಳಿಸಿದ್ದೇವೆ, ಇನ್ನೂ ಉತ್ತರ ಇಲ್ಲ. ಆ ಪಿಡಿಎಫ್ ನಿಮ್ಮ ಯಾವುದಾದರೂ ಗ್ರೂಪಿಗೆ ಬಂದಿದ್ದರೆ, ದಯವಿಟ್ಟು ಅಳಿಸಿಬಿಡಿ.