ರಾಜ್ಯೋತ್ಸವಕ್ಕೆ ಜೋಗತಿ ತಂಡ ಕರೆಸಿದ್ವಿ: ಅವರಿಗೆ 5ಕ್ಕೆ 5, ಸೌಂಡಿನವನಿಗೆ 1

ನಮ್ಮ ಅಪಾರ್ಟ್‌ಮೆಂಟಲ್ಲಿ ಈ ಸಲ ಡಿಜೆ ಬೇಡ ಅಂತ ಹಠ ಹಿಡಿದು ಬಳ್ಳಾರಿ ಕಡೆಯ ಜೋಗತಿ ನೃತ್ಯದ ತಂಡ ಬುಕ್ ಮಾಡಿದೆ. ಗಂಡಾಗಿ ಹುಟ್ಟಿ, ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಟ್ಟು ಬದುಕೋರು ಇವರು. ಆರು ಜನ, 25 ಸಾವಿರ, ಟ್ರೈನ್ ಚಾರ್ಜ್ ಬೇರೆ. ಕಮಿಟಿಯವರು ಗೊಣಗಿದ್ರು, ಇದೇ ಕಲೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಕೊಟ್ಟಾಗ ರಾಷ್ಟ್ರಪತಿಗೇ ಸೆರಗಲ್ಲಿ ದೃಷ್ಟಿ ತೆಗೆದ ವಿಡಿಯೋ ತೋರಿಸಿದ್ಮೇಲೆ ಒಪ್ಪಿದ್ರು.

ಟೈಮಿಗೆ ಮುಂಚೆನೇ ಬಂದ್ರು, ನಾವೇ ರೆಡಿ ಇರ್ಲಿಲ್ಲ. ಬಟ್ಟೆ ಬದಲಾಯಿಸೋಕೆ ಜೆಂಟ್ಸ್ ರೂಮೋ ಲೇಡೀಸ್ ರೂಮೋ ಅಂತ ಸೆಕ್ಯೂರಿಟಿಯವನು ಎರಡೂ ಕೀ ಹಿಡ್ಕೊಂಡು ನಿಂತುಬಿಟ್ಟಿದ್ದ. ನಮ್ಮವ್ವ ಸವದತ್ತಿ ಸೀಮೆಯವಳು, "ಏ ಬರ್ರವ್ವಾ ಮ್ಯಾಲ" ಅಂತ ನಮ್ಮ ಫ್ಲಾಟಿಗೇ ಕರ್ಕೊಂಡು ಹೋಗಿ ಮೊದಲು ಉಡಿ ತುಂಬಿದ್ಲು.

ಆಟ ಹೇಳೋದೇ ಬೇಡ. ಚೌಡಿಕೆ ಅನ್ನೋ ತಂತಿ ವಾದ್ಯ ಶುರುವಾಯ್ತು, ತಲೆ ಮೇಲೆ ಎಲ್ಲಮ್ಮನ ಕೊಡ, ಕೈ ಬಿಟ್ಟು ಹಂಗೇ ಕೂತು ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟು ಬಾಯಲ್ಲಿ ಎತ್ತಿದ್ರು, ಮುಂದೆ ಕೂತಿದ್ದ ಮಕ್ಕಳು ಕೊಡ ಮೈಮೇಲೆ ಬೀಳತ್ತೆ ಅಂತ ಕುರ್ಚಿ ಸಮೇತ ಹಿಂದೆ ಸರಿದ್ವು. ಸೌಂಡಿನವನು ಚೌಡಿಕೆಗೆ ಮೈಕೇ ಇಟ್ಟಿರ್ಲಿಲ್ಲ, ಅರ್ಧ ಹಾಡು ಹಾಳು.

ಟೀ ಕುಡಿಯೋವಾಗ ತಂಡದ ಹಿರಿಯರೊಬ್ಬರು ಹೇಳಿದ್ದು ಇನ್ನೂ ತಲೇಲಿದೆ. ಕೊಪ್ಪಳ ಕಡೆ ಹುಲಿಗಿಯ ಹುಲಿಗೆಮ್ಮನ ಗುಡೀಲಿ, ಗಂಡಸರು ಸೊಂಟಕ್ಕೆ ಕಟ್ಟೋ ಉಡಿದಾರ ಹರಿದು, ದೇವಿಗೆ ಮುಡಿಪು ಅಂತ ಕೊರಳಿಗೆ ಮುತ್ತು ಕಟ್ಟಿ, ಸೀರೆ ಕುಪ್ಪಸ ಬಳೆ ಕೊಟ್ರಂತೆ. "ಅಲ್ಲಿಗೆ ಗಂಡಸರ ಲೆಕ್ಕದಾಗಿಂದ ನನ್ನ ಹೆಸರು ಹೋತ್ರಿ." ನಾನು ಎಂಎ ಸೋಷಿಯಾಲಜಿ ಓದಿದವನು, ಲಿಂಗ ಬದಲಾವಣೆ ಅಂದ್ರೆ ಹಾರ್ಮೋನು, ಸರ್ಜರಿ ಅಂತಾನೇ ತಲೇಲಿ ಕೂತಿತ್ತು. ಸರ್ಜರಿ ಬೇಕಿಲ್ಲ, ಅವರವರು ಹೇಳ್ಕೊಂಡಿದ್ದೇ ಲಿಂಗ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ, ಇಲ್ಲಿ ನೋಡಿದ್ರೆ ಒಂದು ದಾರ ಹರಿದು ಯಾವ ಕಾಲದಿಂದ್ಲೋ ನಡ್ಕೊಂಡು ಬಂದಿದೆ. ಆದ್ರೆ "ನಾನು ಹೆಣ್ಣು" ಅಂತ ಆ ಹಿರಿಯರು ಹೇಳ್ಕೊಳ್ಳಲಿಲ್ಲ, ಎಲ್ಲವ್ವ ಹಿಡಿದ್ಲು ಅಂದ್ರು, ಅದಕ್ಕೇ ಊರು ಕಾಲಿಗೆ ಬೀಳತ್ತೆ. ಮನೆ ಮಾತ್ರ ಎಷ್ಟೋ ಜನಕ್ಕೆ ಬಾಗಿಲು ಹಾಕ್ಕೊಂಡಿದೆ, ಅದನ್ನೂ ಅವರೇ ಹೇಳಿದ್ರು.

ಅಷ್ಟರಲ್ಲಿ ಬಿ ಬ್ಲಾಕಿನ ಅಂಕಲ್ ಬಂದು "ಆಪರೇಷನ್ ಆಗಿದ್ಯಾ" ಅಂತ ಕೇಳೇಬಿಟ್ರು, ನಂಗೆ ನೆಲಕ್ಕಿಳಿದು ಹೋದಂಗಾಯ್ತು. ಆಯಮ್ಮ ನಕ್ಕು "ಕೊಡ ಹೊರಾಕ ಆಪರೇಷನ್ ಯಾಕ್ರೀ ಅಣ್ಣಾರ, ಕುತ್ತಿಗಿ ಗಟ್ಟಿ ಇದ್ರ ಸಾಕು" ಅಂದ್ರು.

ಕರೆಸೋರು ರೂಮು ಮೊದಲೇ ನೋಡಿಡಿ, ಚೌಡಿಕೆಗೆ ಬೇರೆ ಮೈಕ್ ಇಡ್ಸಿ, ದುಡ್ಡು ಅವತ್ತೇ ಕೊಡಿ, ರಾತ್ರಿ ಟ್ರೈನಿಗೆ ಹೋಗ್ಬೇಕಿರತ್ತೆ.