ಲ್ಯಾಪ್‌ಟಾಪ್ ಗಟ್ಟಿ, ಅಪ್‌ಡೇಟ್ ಆದಾಗ ಮಾತ್ರ ಕರ್ಸರ್ ಅಲುಗಾಡಲ್ಲ

ಮಡಿಕೇರಿ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವ. ಚೆಕ್‌ರೋಲ್ (ಆಳುಗಳ ಹಾಜರಿ), ಸಂಬಳದ ಲೆಕ್ಕ, ಗೊಬ್ಬರದ ಸ್ಟಾಕ್ ಎಲ್ಲವೂ ಈ ಲ್ಯಾಪ್‌ಟಾಪ್‌ನಲ್ಲೇ. ಕೆಲವು ವರ್ಷಗಳಿಂದ ದಿನಾ ಬಳಸುತ್ತಿದ್ದೇನೆ. ಗೋಡೆಗೆಲ್ಲ ಬೂಷ್ಟು ಹಿಡಿಯುವ ಮಳೆಗಾಲದಲ್ಲೂ ಕೀಬೋರ್ಡ್ ಕೈಕೊಟ್ಟಿಲ್ಲ. ಕರೆಂಟ್ ಹೋದರೆ ಬ್ಯಾಟರಿ ಈಗಲೂ ಚೆನ್ನಾಗಿ ಬರುತ್ತದೆ.

ಬೇಜಾರು ಒಂದೇ. ವಿಂಡೋಸ್ ಅಪ್‌ಡೇಟ್ ಜೊತೆ ಈ ಕಂಪನಿಯ ಹೊಸ ಟಚ್‌ಪ್ಯಾಡ್ ಡ್ರೈವರ್ (ಟಚ್‌ಪ್ಯಾಡ್ ನಡೆಸುವ ತಂತ್ರಾಂಶ) ಬಂದು ಕೂತರೆ ಮುಗಿಯಿತು. ಬಾಣದ ಗುರುತು ಪರದೆ ಮಧ್ಯೆ ನಿಂತುಬಿಡುತ್ತದೆ, ಬೆರಳು ಎಷ್ಟು ಎಳೆದರೂ ಕದಲುವುದಿಲ್ಲ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ‘ಮೈಸೂರಿಗೆ ತನ್ನಿ ಸರ್’ ಅನ್ನುತ್ತಾರೆ. ಇಲ್ಲಿಂದ ಸುಮಾರು 120 ಕಿಲೋಮೀಟರ್. ಕೊಯ್ಲಿನ ಸಮಯದಲ್ಲಿ ತೋಟ ಬಿಟ್ಟು ಹೋಗೋಕಾಗುತ್ತಾ?

ಹೋಗಬೇಕಾಗಿಯೂ ಇಲ್ಲ. ಕೀಬೋರ್ಡ್ ಒಂದಿದ್ದರೆ ಸಾಕು. ಮೊದಲು ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಯು, ಆಮೇಲೆ ಆರ್ ಒತ್ತಿ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಬೇಡ. ಬೇಗ ಶುರುವಾಗಲೆಂದು ಇರುವ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಮ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ, ಹಳೇ ಸ್ಥಿತಿಯೇ ಉಳಿಯುತ್ತದೆ. ಮೇಲಿನ ಸಾಲಿನಲ್ಲಿ ಟಚ್‌ಪ್ಯಾಡ್ ಚಿತ್ರವಿರುವ ಕೀಯನ್ನೂ ಎಫ್‌ಎನ್ ಜೊತೆ ಒಮ್ಮೆ ಒತ್ತಿ ನೋಡಿ.

ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಎಂ. ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಟ್ಯಾಬ್ ಒತ್ತಿ ಪಟ್ಟಿಗೆ ಹೋಗಿ, ಬಾಣದ ಕೀಗಳಲ್ಲಿ ಇಳಿಯುತ್ತಾ ‘ಮೈಸ್ ಅಂಡ್ ಅದರ್ ಪಾಯಿಂಟಿಂಗ್ ಡಿವೈಸಸ್’ ಹುಡುಕಿ. ಬಲಬಾಣ ಒತ್ತಿದರೆ ಒಳಗಿನದು ಕಾಣುತ್ತದೆ. ಅಲ್ಲಿ ಇಲ್ಲದಿದ್ದರೆ ‘ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್’ ಒಳಗಿರುತ್ತದೆ. ಟಚ್‌ಪ್ಯಾಡ್ ಮೇಲೆ ಎಂಟರ್ ಒತ್ತಿ, ಕಂಟ್ರೋಲ್ ಜೊತೆ ಟ್ಯಾಬ್ ಒತ್ತುತ್ತಾ ‘ಡ್ರೈವರ್’ ಪುಟಕ್ಕೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಆರಿಸಿ, ಹಳೇ ಡ್ರೈವರ್ ವಾಪಸ್ ಬರುತ್ತದೆ. ನನ್ನ ಯಂತ್ರಕ್ಕೆ ಕೆಲಸಕ್ಕೆ ಬಂದಿದ್ದು ಇದೇ. ಆ ಬಟನ್ ಮಸುಕಾಗಿದ್ದರೆ ಅದೇ ಪುಟದಲ್ಲಿ ಡಿವೈಸನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ, ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ.

ಹಾಗಂತ ಅಪ್‌ಡೇಟನ್ನೇ ನಿಲ್ಲಿಸಬೇಡಿ. ಕಳ್ಳರು ನುಗ್ಗುವ ಸಂದು ಮುಚ್ಚುವುದೇ ಅದು, ಬ್ಯಾಂಕ್ ವ್ಯವಹಾರ ಇದರಲ್ಲೇ ಇದೆಯಲ್ವಾ? ನಾನು ಸೆಟ್ಟಿಂಗ್ಸ್‌ನಲ್ಲಿ ಒಂದು ವಾರ ತಡೆಹಿಡಿಯುತ್ತೇನೆ, ಅಷ್ಟೇ. ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್‌ನವರು ಮುಖ್ಯ ಅಪ್‌ಡೇಟ್ ಬಿಡುತ್ತಾರೆ, ದೋಷವಿದ್ದರೆ ಬೇಗ ಗೊತ್ತಾಗುತ್ತದೆ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ನೋಡಿ. ವಿಂಡೋಸ್ ಕೆಟ್ಟಾಗ ಸರಿಪಡಿಸಲು ತೆರೆಯುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ಕೆಲಸ ಮಾಡುತ್ತಿರಲಿಲ್ಲ. 20ಕ್ಕೆ ಪ್ರತ್ಯೇಕ ಅಪ್‌ಡೇಟ್ ಬಿಟ್ಟು ಸರಿಮಾಡಿದರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹಳೇ ಡ್ರೈವರನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ನಮ್ಮ ಕಡೆಯವರು ಕೊಳ್ಳುವಾಗ ವೈರ್ ಇರುವ ಒಂದು ಸಾದಾ ಮೌಸನ್ನೂ ಜೊತೆಗೇ ತಗೊಳ್ಳಿ.