ರದ್ದಿಯಿಂದ ಹಾಳೆ ಮಾಡುವ ಎ5 ಕಿಟ್: ಚೌಕಟ್ಟು ಚೆನ್ನ, ಕೈಪಿಡಿ ಬೇಡ

ಪೆಟ್ಟಿಗೆಯಲ್ಲಿ ಎ5 ಅಳತೆಯ, ಅಂದರೆ ಎ4ನ ಅರ್ಧದಷ್ಟಿನ, ಎರಡು ಮರದ ಚೌಕಟ್ಟುಗಳಿವೆ. ಒಂದಕ್ಕೆ ಜಾಲರಿ ಬಿಗಿದಿದೆ, ಇನ್ನೊಂದು ಖಾಲಿ. ಜತೆಗೆ ಹತ್ತಿಬಟ್ಟೆಯ ತುಂಡುಗಳು, ಸ್ಪಂಜು, ಒತ್ತಲು ಎರಡು ಹಲಗೆ, ಒಂದು ಕೈಪಿಡಿ.

ಇಂಥ ಕಿಟ್‌ನಲ್ಲಿ ಮೊದಲು ನೋಡಬೇಕಾದದ್ದು ಜಾಲರಿ. ನಡುವೆ ಜೋತುಬಿದ್ದರೆ ತಿರುಳು (ನೀರಿನಲ್ಲಿ ಅರೆದ ಕಾಗದ) ಅಲ್ಲೇ ಕೂಡಿಕೊಂಡು ಹಾಳೆಯ ನಡುಭಾಗ ದಪ್ಪ, ಅಂಚು ತೆಳುವಾಗುತ್ತದೆ, ಒಣಗುವಾಗ ಸೊಟ್ಟಗಾಗುತ್ತದೆ. ಇಲ್ಲಿರುವುದು ಪಾಲಿಯೆಸ್ಟರ್, ನೈಲಾನ್‌ನ ಹಾಗೆ ನೀರು ಕುಡಿದು ಸಡಿಲವಾಗುವುದಿಲ್ಲ. ಬಿಗಿದ ಪಿನ್ನುಗಳು ತುಕ್ಕು ಹಿಡಿಯದಂಥವು. ಕಬ್ಬಿಣದ್ದಾಗಿದ್ದರೆ ಹಾಳೆಗೆ ಕಂದು ಕಲೆ ಹತ್ತುತ್ತಿತ್ತು. ಚೌಕಟ್ಟಿಗೆ ಪೂರ್ತಿ ಅಂಕ.

ಕೈಪಿಡಿಗೆ ಮಾತ್ರ ಅಂಕವಿಲ್ಲ. ಯಾವ ಕಾಗದವಾದರೂ ಸರಿ, ಮಿಕ್ಸಿಯಲ್ಲಿ ಎರಡು ನಿಮಿಷ ಅರೆಯಿರಿ ಎನ್ನುತ್ತದೆ. ಎರಡೂ ತಪ್ಪು. ಅಂಗಡಿ ಬಿಲ್ಲಿನ ಥರ್ಮಲ್ ಕಾಗದದಲ್ಲಿ ಬಿಸ್ಫೆನಾಲ್‌ನಂಥ ಹಾನಿಕರ ರಾಸಾಯನಿಕ ಇರಬಹುದು, ಅದನ್ನು ಹಾಕಲೇಬೇಡಿ. ಹೊಳಪಿನ ಪತ್ರಿಕೆಯಲ್ಲಿ ಸುಣ್ಣಕಲ್ಲಿನ ಪುಡಿ, ಜೇಡಿಯ ಲೇಪವೇ ಬಹಳ. ಸುದ್ದಿಪತ್ರಿಕೆಯಲ್ಲಿ ಮರದ ನಾರನ್ನು ಅಂಟಿಸಿ ಹಿಡಿಯುವ ಲಿಗ್ನಿನ್ ಉಳಿದಿರುವುದರಿಂದ ಹಾಳೆ ಬೇಗ ಹಳದಿಯಾಗುತ್ತದೆ. ಒಂದು ಮಗ್ಗುಲು ಬರೆದ ಆಫೀಸ್ ಕಾಗದವೇ ಉತ್ತಮ. ಪಿನ್ನು, ಟೇಪು ಕಿತ್ತು ಹಾಕಿ.

ಇನ್ನು ಅರೆಯುವುದು. ನಾರುಗಳು ಒಂದಕ್ಕೊಂದು ಹೆಣೆದು, ಒಣಗುವಾಗ ಹೈಡ್ರೋಜನ್ ಬಂಧದಿಂದ, ಅಂದರೆ ಅಣುಗಳ ನಡುವಿನ ಸೆಳೆತದಿಂದ, ಹಿಡಿದುಕೊಂಡರೇ ಕಾಗದ. ಹೆಚ್ಚು ಹೊತ್ತು ತಿರುಗಿಸಿದರೆ ಮಿಕ್ಸಿಯ ಬ್ಲೇಡು ಆ ನಾರನ್ನೇ ಕತ್ತರಿಸುತ್ತದೆ. ಹಾಳೆ ಹಿಡಿದರೆ ಹರಿಯುತ್ತದೆ. ಕಾರ್ಖಾನೆಯಲ್ಲೂ ಇದೇ ತೊಡಕು: ರದ್ದಿಯಿಂದ ಮತ್ತೆ ಕಾಗದ ಮಾಡುವ ಪ್ರತಿ ಸುತ್ತಿಗೂ ನಾರು ಗಿಡ್ಡವಾಗಿ, ಸುಮಾರು 5ರಿಂದ 7 ಸುತ್ತಿಗೆ ಸವೆದುಹೋಗುತ್ತದೆ. ಆದ್ದರಿಂದಲೇ ಅಲ್ಲಿ ಹೊಸ ತಿರುಳು ಬೆರೆಸಬೇಕಾಗುತ್ತದೆ.

ಹೀಗೆ ಮಾಡಿ: 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಹತ್ತು ಎ4 ಹಾಳೆ, ಅಂದರೆ 50 ಗ್ರಾಂ, ಎರಡು ಮೂರು ಸೆಂಟಿಮೀಟರ್ ಚೂರು ಮಾಡಿ ರಾತ್ರಿಯಿಡೀ ನೆನೆಸಿ. ಎರಡೆರಡು ಹಾಳೆಯಷ್ಟನ್ನು ಅರ್ಧ ಲೀಟರ್ ನೀರಿನೊಂದಿಗೆ ಮಿಕ್ಸಿಯಲ್ಲಿ, ಬಿಟ್ಟು ಬಿಟ್ಟು, ಒಟ್ಟು 20 ಸೆಕೆಂಡಿನಷ್ಟು ತಿರುಗಿಸಿದರೆ ಸಾಕು. ಒಂದು ಚಮಚ ತಿರುಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿಯಿರಿ: ಗಂಟು ಕಾಣದಿದ್ದರೆ ಆಯಿತು. ಎಲ್ಲವನ್ನೂ ಟಬ್ಬಿಗೆ ಸುರಿದು, ನೀರು ಒಟ್ಟು ಹತ್ತು ಲೀಟರ್ ಆಗುವಂತೆ ನೋಡಿಕೊಳ್ಳಿ. ಬರೆಯಲು ಬೇಕಾದರೆ ಒಂದು ಚಮಚ ಪಿಷ್ಟವನ್ನು ಗಂಜಿ ಕಾಯಿಸಿ ಬೆರೆಸಿ, ಶಾಯಿ ಹರಡುವುದು ಕಡಿಮೆಯಾಗುತ್ತದೆ.

ಟಬ್ಬನ್ನು ಕಲಕಿ, ಜಾಲರಿಯ ಮೇಲೆ ಖಾಲಿ ಚೌಕಟ್ಟನ್ನಿಟ್ಟು ಎರಡನ್ನೂ ಸೇರಿಸಿ ಹಿಡಿದು ನೆಟ್ಟಗೆ ಇಳಿಸಿ, ಒಳಗೆ ಅಡ್ಡ ಮಾಡಿ ಮೇಲೆತ್ತಿ. ನೀರು ಸೋರುತ್ತಿರುವಾಗಲೇ ಹಿಂದೆ ಮುಂದೆ, ಎಡ ಬಲ ಮೆಲ್ಲಗೆ ಅಲುಗಿಸಿ. ಸೋರಿದ ಮೇಲೆ ಅಲುಗಿಸಿದರೆ ಹಾಳೆ ಬಿರಿಯುತ್ತದೆ. ಖಾಲಿ ಚೌಕಟ್ಟು ತೆಗೆದು, ಒದ್ದೆ ಬಟ್ಟೆಗೆ ಮಗುಚಿ, ಜಾಲರಿಯ ಬೆನ್ನಿಗೆ ಸ್ಪಂಜು ಒತ್ತಿ, ಒಂದು ಅಂಚಿನಿಂದ ಎತ್ತಿ. ಎರಡು ಹಾಳೆಗೊಮ್ಮೆ ಹೀಗೇ ಅರೆದ ಹೊಸ ತಿರುಳು ಸೇರಿಸಿ, ಇಲ್ಲದಿದ್ದರೆ ಮುಂದಿನವು ತೆಳುವಾಗುತ್ತವೆ. ಹಲಗೆ ನಡುವೆ ಭಾರ ಹೇರಿ ನೀರು ತೆಗೆದು, ಬಟ್ಟೆಗೆ ಅಂಟಿದ ಹಾಗೆಯೇ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮುದುರುತ್ತದೆ.

ಬೆಳ್ಳನೆ ಹಾಳೆ ಬಯಸುವವರಿಗೆ ಈ ಕಿಟ್ ಅಲ್ಲ. ಕಾರ್ಖಾನೆಯಲ್ಲಿ ಗಾಳಿಗುಳ್ಳೆ ಹಾಯಿಸಿ ಶಾಯಿಯನ್ನು ನೊರೆಯಾಗಿ ತೆಗೆಯುತ್ತಾರೆ. ಮನೆಯಲ್ಲಿ ಬೂದು ಬಣ್ಣವೇ ಗತಿ. ಮೂಟೆ ಮೂಟೆ ರದ್ದಿ ಕರಗಿಸುವ ಆಸೆಯಿದ್ದರೆ ಅದನ್ನು ರದ್ದಿ ಅಂಗಡಿಗೇ ಕೊಡಿ. ಲಕೋಟೆ, ಶುಭಾಶಯ ಪತ್ರ, ಪುಸ್ತಕದ ರಕ್ಷಾಪುಟಕ್ಕೆ ಕಿಟ್ ಖಂಡಿತ ಕೊಳ್ಳಿ.

ಉಳಿದ ತಿರುಳನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ, ಹಿಂಡಿ, ಉಂಡೆ ಕಟ್ಟಿ ಒಣಗಿಸಿಟ್ಟರೆ ಮುಂದಿನ ಸಲ ನೆನೆಸಿ ಬಳಸಬಹುದು.